ಕಾಲು ಮೈಲಿ ಓಟ, ಸಾವಿರ ಮೈಲಿ ಪರೀಕ್ಷೆ

ಮಾನ್ಯ ಸಂಪಾದಕರೇ,

ಡ್ರ್ಯಾಗ್ ರೇಸ್ ಎಂದರೆ 402 ಮೀಟರಿನ ನೇರ ಕಾರ್ ಓಟವಷ್ಟೇ ಎಂದು ಕ್ರೀಡಾಪುಟಗಳು ಬರೆದು ಮುಗಿಸುವುದು ಬೇಸರ ತರುತ್ತದೆ. ಅಮೆರಿಕದ ‘ಹಾಟ್ ರಾಡ್’ ಪತ್ರಿಕೆ 2005ರಲ್ಲಿ ಆರಂಭಿಸಿದ ಡ್ರ್ಯಾಗ್ ವೀಕ್ ಬೇರೆಯೇ ಪರೀಕ್ಷೆ. ಐದು ದಿನ ಓಟ, ನಡುವೆ ಸುಮಾರು 1,000 ಮೈಲಿ ಸಾರ್ವಜನಿಕ ರಸ್ತೆ. ಓಡಿದ ಕಾರೇ ರಸ್ತೆಗಿಳಿಯಬೇಕು, ಸಹಾಯಕ ವಾಹನ ಹಿಂಬಾಲಿಸುವಂತಿಲ್ಲ. ಹತಾರ, ಬಿಡಿಭಾಗಗಳೆಲ್ಲ ಕಾರಿನಲ್ಲೋ ಅದೇ ಎಳೆಯುವ ಪುಟ್ಟ ಟ್ರೈಲರಿನಲ್ಲೋ ಇರಬೇಕು. ದಿನಕ್ಕೊಂದು ಓಟದ ಸಮಯ ನಮೂದಿಸಿದ ಚೀಟಿ ಒಪ್ಪಿಸಬೇಕು. ಐದರ ಸರಾಸರಿಯೇ ಫಲಿತಾಂಶ.

ಓಟ ಮುಗಿದೊಡನೆ ಸ್ಲಿಕ್ (ಗೀರುಗಳಿಲ್ಲದ ರೇಸ್) ಟೈರ್ ಬಿಚ್ಚಿ ರಸ್ತೆ ಟೈರ್ ಹಾಕಿ, ಟರ್ಬೊ ಬೂಸ್ಟ್ (ಎಂಜಿನ್‌ಗೆ ತುರುಕುವ ಗಾಳಿಯ ಒತ್ತಡ) ಇಳಿಸಿ, ಟ್ಯೂನ್ (ಇಂಧನ, ಕಿಡಿಯ ಹೊಂದಾಣಿಕೆ) ಬದಲಿಸಬೇಕು. ರೇಸ್ ಟ್ಯೂನ್‌ನಲ್ಲೇ ಬಂಕಿನ ಪೆಟ್ರೋಲ್ ಸುರಿದರೆ ನಾಕಿಂಗ್‌ನಿಂದ (ಇಂಧನ ಅಕಾಲದಲ್ಲಿ ಸಿಡಿಯುವುದರಿಂದ) ಪಿಸ್ಟನ್ ಸೀಳಬಹುದು. ಎಂಜಿನ್ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ, ರೇಸಿಗೆಂದೇ ಮಾಡಿದ ಹೈ-ಸ್ಟಾಲ್ ಟಾರ್ಕ್ ಕನ್ವರ್ಟರ್ ರಸ್ತೆವೇಗದಲ್ಲಿ ಜಾರುತ್ತಲೇ ಇರುವುದರಿಂದ ಗೇರ್‌ಬಾಕ್ಸಿನ ಆಯಿಲ್ ಬಿಸಿಯಾಗುತ್ತದೆ. ಫ್ಯಾನಿರುವ ಪ್ರತ್ಯೇಕ ಕೂಲರ್ ಬೇಕೇ ಬೇಕು, ಆ ಫ್ಯಾನುಗಳಿಗೆ ಸಾಲುವಷ್ಟು ವಿದ್ಯುತ್ ಕೊಡುವ ಆಲ್ಟರ್ನೇಟರ್ ಕೂಡ.

ನಿಜವಾದ ಶತ್ರು ಸಾಲಿಡ್ ರೋಲರ್ ಲಿಫ್ಟರ್, ಅಂದರೆ ಕ್ಯಾಮ್‌ಶಾಫ್ಟಿನ ಚಲನೆಯನ್ನು ವಾಲ್ವಿನ ಕಡೆಗೆ ದಾಟಿಸುವ, ಉರುಳೆಯಿರುವ ಭಾಗ. ವಾಲ್ವ್ ಸ್ಪ್ರಿಂಗುಗಳು ಬಲು ಬಿಗಿ, ಟ್ರಾಫಿಕ್ಕಿನಲ್ಲಿ ಐಡಲಿಂಗ್ ದೀರ್ಘ. ಆಯಿಲ್ ಸಾಲದೆ ಲಿಫ್ಟರಿನ ಉರುಳೆಯೊಳಗಿನ ಸೂಜಿ ಬೇರಿಂಗ್ ಸವೆದು, ಲೋಹದ ಚೂರು ಇಡೀ ಎಂಜಿನ್ ಸೇರುತ್ತದೆ. ಹಾಗಾಗಿ ದಿನವೂ ವಾಲ್ವ್ ಲ್ಯಾಶ್ (ವಾಲ್ವಿನ ತುದಿ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಸಂದು) ಅಳೆಯಬೇಕು. ಒಂದರಲ್ಲಿ ಅಂತರ ದಿಢೀರ್ ಹೆಚ್ಚಿದ್ದರೆ ತಿರುಪು ಬಿಗಿಸಿ ಸುಮ್ಮನಾಗದೆ ಆ ಲಿಫ್ಟರನ್ನು ಹೊರತೆಗೆದು ನೋಡಬೇಕು. ಬದಲಿ ಲಿಫ್ಟರ್ ಜೋಡಿ, ಅದರಿಂದ ರಾಕರನ್ನು ತಳ್ಳುವ ಪುಶ್‌ರಾಡ್, ರಾಕರ್, ಸ್ಪಾರ್ಕ್ ಪ್ಲಗ್, ಬೆಲ್ಟ್ ಜೊತೆಗಿರಲಿ. ಟ್ರೈಲರಿನ ಚಕ್ರ ಚಿಕ್ಕದು, ಹೆಚ್ಚು ಸುತ್ತುತ್ತದೆ. ಗ್ರೀಸ್ ತುಂಬಿದ ಬದಲಿ ಹಬ್ (ಚಕ್ರದ ಗುಂಬ) ಒಂದನ್ನೂ ಮರೆಯಬಾರದು.

ಇಂತಿ,
ಮೋಟಾರು ಕ್ರೀಡಾಸಕ್ತರು