ಬಾಗಿಲು ಹಾಕುತ್ತಿದ್ದ ಕಾಂಪೌಂಡರ್ ಅಣ್ಣನಿಗೆ
ಗಂಡುಬೆಕ್ಕು ಮಲಮೂತ್ರದ ಟ್ರೇಯಲ್ಲಿ ಮತ್ತೆ ಮತ್ತೆ ಕೂತು ತಿಣುಕಿದರೆ ಮಲಬದ್ಧತೆ ಅಂದುಕೊಳ್ಳುವವರೇ ಹೆಚ್ಚು. ನಾವೂ ಹಾಗೇ ಅಂದುಕೊಂಡು ನಮ್ಮ ಬೆಕ್ಕನ್ನು ನಿಮ್ಮ ಪಶು ಆಸ್ಪತ್ರೆಗೆ ತಂದಿದ್ದೆವು.

ನೀವು ಬೀಗ ಕೆಳಗಿಟ್ಟು, ಎರಡೇ ಬೆರಳಲ್ಲಿ ಅದರ ಕೆಳಹೊಟ್ಟೆ ಮುಟ್ಟಿ ನೋಡಿದಿರಿ. "ನಿಂಬೆಹಣ್ಣಿನ ಹಾಗೆ ಗಟ್ಟಿಯಾಗಿದೆ, ಮೂತ್ರ ಕಟ್ಟಿದೆ. ಬೆಳಗಿನ ತನಕ ಕಾಯೋ ಹಾಗಿಲ್ಲ" ಅಂದು ಡಾಕ್ಟರಿಗೆ ಫೋನ್ ಮಾಡಿದಿರಿ. ಗಂಡಿನ ಮೂತ್ರನಾಳ ತೀರಾ ಕಿರಿದು. ಹರಳೋ ಲೋಳೆಯೋ ಸಿಕ್ಕಿಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಒಂದೆರಡು ದಿನದಲ್ಲೇ ಹೃದಯ ನಿಲ್ಲಬಹುದು.

ಮಂಪರು ಕೊಟ್ಟು, ಕ್ಯಾಥೆಟರ್ ಹಾಕಿ, ಸಲೈನ್‌ನಿಂದ ತೊಳೆಯುವಷ್ಟು ಹೊತ್ತೂ ಅದರ ತಲೆ ನಿಮ್ಮ ಅಂಗೈಯಲ್ಲೇ ಇತ್ತು. ಕೊಳವೆಯಲ್ಲಿ ಕೆಂಪು ಮೂತ್ರ ಇಳಿದಾಗ ನಮಗೂ ಉಸಿರು ಬಂತು.

"ಇದು ಮರುಕಳಿಸುತ್ತೆ, ಬರೀ ಒಣ ಆಹಾರ ಬೇಡ, ನೀರು ಬೆರೆಸಿ ಕೊಡಿ" ಅಂದಿರಿ. ಹಾಗೇ ಕೊಡ್ತಿದ್ದೇವೆ. ಹೆಸರು ಕೇಳಲಿಲ್ಲ. ಥ್ಯಾಂಕ್ಸ್ ಅಣ್ಣ.