ಮೊದಲು ಮನೆಪಟ್ಟಿ, ಆಮೇಲೆ ಜಾಲನಕ್ಷೆ

ಮಾನ್ಯರೇ,

ಊರಲ್ಲಿ ಯಾರ ಮಾತು ಯಾರಿಗೆ ಮುಟ್ಟುತ್ತದೆ ಎಂದು ಸಮೀಕ್ಷೆ ಮಾಡಿ, ಜನರನ್ನು ಚುಕ್ಕಿಯಾಗಿ, ಅವರ ನಂಟನ್ನು ಗೆರೆಯಾಗಿ ತೋರಿಸುವ ಜಾಲನಕ್ಷೆ ಬರೆದು, ಅದರ ಮೇಲೆ ಆರೋಗ್ಯ ಅಥವಾ ಕೃಷಿ ಯೋಜನೆ ರೂಪಿಸುವ ಉತ್ಸಾಹ ಈಗ ಹೆಚ್ಚಿದೆ. ಒಳ್ಳೆಯದೇ. ಆದರೆ ಈ ಕೆಲಸ ಕೆಡುವುದು ಕಂಪ್ಯೂಟರಿನಲ್ಲಲ್ಲ, ಜಗಲಿಯಲ್ಲಿ ಕೂತು ಪ್ರಶ್ನೆ ಕೇಳುವಾಗ.

ಈ ಕ್ಷೇತ್ರದ ಹೆಸರಾಂತ ದತ್ತಾಂಶ ದಕ್ಷಿಣ ಕರ್ನಾಟಕದ 75 ಹಳ್ಳಿಗಳದ್ದು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಅರುಣ್ ಚಂದ್ರಶೇಖರ್, ಎಸ್ತರ್ ಡುಫ್ಲೊ, ಮ್ಯಾಥ್ಯೂ ಜಾಕ್ಸನ್ 2013ರಲ್ಲಿ ಅದನ್ನು ಬಳಸಿ ಕಿರುಸಾಲದ ಸುದ್ದಿ ಹಬ್ಬಿದ ಬಗೆಯನ್ನು ವಿವರಿಸಿದರು. ಅಲ್ಲಿ ಕೇಳಿದ್ದು ‘ಗೆಳೆಯರು ಯಾರು’ ಎಂದಷ್ಟೇ ಅಲ್ಲ. ಸೀಮೆಎಣ್ಣೆ, ಅಕ್ಕಿ ಯಾರ ಮನೆಯಿಂದ ಕಡ ತರುತ್ತೀರಿ, ಕೈಸಾಲ ಯಾರನ್ನು ಕೇಳುತ್ತೀರಿ, ದೇವಸ್ಥಾನಕ್ಕೋ ಮಸೀದಿಗೋ ಯಾರ ಜೊತೆ ಹೋಗುತ್ತೀರಿ ಎಂದೆಲ್ಲ ಹನ್ನೆರಡು ಬಗೆಯ ನಂಟು ವಿಚಾರಿಸಿದ್ದರು. ‘ಗೆಳೆಯ’ ಎಂದರೆ ಒಬ್ಬೊಬ್ಬರಿಗೆ ಒಂದೊಂದು ಅರ್ಥ. ಅಕ್ಕಿ ಕಡ ತಂದದ್ದು ಎಲ್ಲರಿಗೂ ಒಂದೇ.

ಕೇಳುವ ಮುಂಚೆ ಊರಿನ ಪೂರ್ತಿ ಮನೆಪಟ್ಟಿ ಕೈಯಲ್ಲಿರಬೇಕು: ಮನೆ ಸಂಖ್ಯೆ, ತಂದೆ ಅಥವಾ ಗಂಡನ ಹೆಸರು, ಊರವರು ಕರೆಯುವ ಅಡ್ಡಹೆಸರು. ಒಂದೇ ಊರಲ್ಲಿ ನಾಲ್ಕು ಲಕ್ಷ್ಮಮ್ಮ ಇದ್ದೇ ಇರುತ್ತಾರೆ. ಅವರನ್ನು ಒಬ್ಬರೆಂದು ಸೇರಿಸಿಬಿಟ್ಟರೆ ಇಲ್ಲದ ‘ಪ್ರಭಾವಿ’ ಹುಟ್ಟುತ್ತಾಳೆ. ಒಬ್ಬನೇ ಮಂಜುನಾಥನನ್ನು ಎರಡು ಕಾಗುಣಿತದಲ್ಲಿ ಬರೆದರೆ ಅವನು ಎರಡು ಚುಕ್ಕಿಯಾಗುತ್ತಾನೆ. ಹೆಸರು ಹೇಳಿದವರು ಎದುರಿಗಿರುವಾಗಲೇ ಪಟ್ಟಿಯಲ್ಲಿ ಗುರುತಿಸಿಕೊಳ್ಳಬೇಕು. ಸಂಜೆ ಆಫೀಸಿನಲ್ಲಿ ಕೂತು ಹೊಂದಿಸುವ ಕೆಲಸವಲ್ಲ ಇದು. ‘ಐದು ಹೆಸರು ಹೇಳಿ’ ಎಂದು ಮಿತಿ ಹಾಕಿದರೆ ಇಪ್ಪತ್ತು ಮನೆಯ ಒಡನಾಟವುಳ್ಳವರೂ ಐದಕ್ಕೇ ಇಳಿಯುತ್ತಾರೆ.

ಎಲ್ಲಕ್ಕಿಂತ ದೊಡ್ಡ ಗುಂಡಿ ಮಾದರಿ ಆಯ್ಕೆ. ಸಾಮಾನ್ಯ ಸಮೀಕ್ಷೆಯಲ್ಲಿ ಊರಿನ ಅರ್ಧ ಮನೆಗಳನ್ನಷ್ಟೇ ಚೀಟಿ ಎತ್ತಿದಂತೆ ಆರಿಸಿ ಕೇಳಿದರೂ ಸರಾಸರಿ ಕೆಡುವುದಿಲ್ಲ. ಜಾಲದಲ್ಲಿ ಹಾಗಲ್ಲ: ಗೆರೆಗೆ ಎರಡು ತುದಿ. ಎರಡೂ ತುದಿ ಮಾದರಿಯಲ್ಲಿದ್ದ ಗೆರೆಗಳನ್ನಷ್ಟೇ ಎಣಿಸಿದರೆ ಉಳಿಯುವುದು ಸುಮಾರು ಕಾಲು ಭಾಗ. ಒಂದು ತುದಿ ಇದ್ದರೂ ಸೇರಿಸಿದರೆ ಮುಕ್ಕಾಲು. ಯಾವುದನ್ನು ಎಣಿಸಿದೆವು ಎಂದು ಹೇಳದ ವರದಿಯ ‘ಕೇಂದ್ರ ವ್ಯಕ್ತಿ’ಗಳನ್ನು (ಹೆಚ್ಚು ಗೆರೆ ಬಂದು ಸೇರುವವರನ್ನು) ನಾವಂತೂ ನಂಬುವುದಿಲ್ಲ.

ಸುದ್ದಿ ಹಬ್ಬಿಸುವುದಷ್ಟೇ ಗುರಿಯಾದರೆ ಇಷ್ಟೆಲ್ಲ ಬೇಕೇ ಇಲ್ಲ. ಇದೇ ನಾಲ್ವರು ಕರ್ನಾಟಕದ 213 ಹಳ್ಳಿಗಳಲ್ಲಿ ಇನ್ನೊಂದು ಪ್ರಯೋಗ ನಡೆಸಿ 2019ರಲ್ಲಿ ಪ್ರಕಟಿಸಿದರು. ಊರಿಗೆಲ್ಲ ವಿಷಯ ಮುಟ್ಟಬೇಕಾದರೆ ಯಾರಿಗೆ ಹೇಳಬೇಕೆಂದು ಊರವರನ್ನೇ ಕೇಳಿ, ಅವರು ತೋರಿಸಿದವರಿಗೆ, ಫೋನ್ ಮಾಡಿ ಸೇರಬಹುದಾದ ಬಹುಮಾನದ ಚೀಟಿಯ ಸುದ್ದಿ ಹೇಳಿದರು. ಯಾರನ್ನೋ ಆರಿಸಿ ಹೇಳಿದ ಹಳ್ಳಿಗಳಿಂದ ಸರಾಸರಿ ಸುಮಾರು 8 ಫೋನ್ ಕರೆ ಬಂದರೆ, ಊರವರು ತೋರಿಸಿದವರಿಗೆ ಹೇಳಿದ ಹಳ್ಳಿಗಳಿಂದ ಸುಮಾರು 12. ಊರ ಹಿರಿಯರ ಮೂಲಕ ಹೇಳಿಸಿದ್ದರಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ನಮ್ಮ ಇಲಾಖೆಗಳು ಮೊದಲು ಹುಡುಕಿಕೊಂಡು ಹೋಗುವುದು ಅವರನ್ನೇ!

ಪೂರ್ತಿ ನಕ್ಷೆ ಬೇಕೇ ಬೇಕೆನ್ನುವವರು ಗಮನಿಸಬೇಕಾದದ್ದು ಇನ್ನೊಂದಿದೆ. ಉತ್ತರ ಕೊಟ್ಟವರು ಒಪ್ಪಿಗೆ ಕೊಟ್ಟಿರುತ್ತಾರೆ, ಅವರು ಹೆಸರಿಸಿದವರು ಕೊಟ್ಟಿರುವುದಿಲ್ಲ. ಹೆಸರು ಅಳಿಸಿ ಸಂಖ್ಯೆ ಹಾಕಿದರೂ, ಇಪ್ಪತ್ತು ಮನೆಗೆ ಸಾಲ ಕೊಟ್ಟ ಚುಕ್ಕಿ ಯಾರೆಂದು ಊರವರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಕೈಸಾಲದ ನಕ್ಷೆಯನ್ನು ಗ್ರಾಮಸಭೆಯ ಪರದೆಯ ಮೇಲೆ ತೋರಿಸುವ ಆಸೆ ಬೇಡ.

— ಇಬ್ಬರು ಸಮೀಕ್ಷಾ ಸಂಶೋಧಕರು, ಮೈಸೂರು