"ಬಿಟ್ಟುಬಿಡ್ಲಾ ಅತ್ತೆ?" ಅಂತ ಕೇಳಿದ್ದಕ್ಕೆ

ಸಾಗರ
ಸಂಕ್ರಾಂತಿ ಮರುದಿನ, 2026

ಪುಟ್ಟಿ,

ನೀನು ಕಳಿಸಿದ ವಾಯ್ಸ್ ಮೆಸೇಜನ್ನು ಮೂರು ಸಲ ಕೇಳಿದೆ. ಮೊದಲ ಸಲ ಅಂಗಳದಲ್ಲಿ ಅಡಿಕೆ ಸುಲಿಯುವ ಮಷೀನು ಓಡುತ್ತಿತ್ತು, ಅರ್ಧ ಕೇಳಿಸಲೇ ಇಲ್ಲ. ಎರಡನೇ ಸಲ ನಿನ್ನ ಮಾವನ ಜೊತೆ ಕೂತು ಕೇಳಿದೆ. ಮೂರನೇ ಸಲ ಒಬ್ಬಳೇ. "ಬಿಟ್ಟುಬಿಡ್ಲಾ ಅತ್ತೆ?" ಅಂತ ಕೊನೆಯಲ್ಲಿ ಕೇಳಿದ್ದೀಯಲ್ಲ, ಈ ಅತಿಥಿ ಶಿಕ್ಷಕಿ ಕೆಲಸ ಬಿಟ್ಟು ಬೆಂಗಳೂರಿಗೆ ಹೋಗುವ ಮಾತು, ಅದಕ್ಕೆ ಫೋನಿನಲ್ಲಿ ಉತ್ತರ ಹೇಳೋಣ ಅಂದರೆ ನೀನಿರುವ ಊರಲ್ಲಿ ಗುಡ್ಡ ಹತ್ತಿದರೆ ಮಾತ್ರ ನೆಟ್‌ವರ್ಕು. ಅದಕ್ಕೇ ಕಾಗದ. ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡ.

ನಿಮ್ಮಪ್ಪ ಏನು ಹೇಳಿರುತ್ತಾನೆ ಅಂತ ನನಗೆ ಗೊತ್ತು. ಸರ್ಕಾರಿ ಶಾಲೆ, ಮರ್ಯಾದೆಯ ಕೆಲಸ, ಮಕ್ಕಳಿಗೆ ಅಕ್ಷರ ಕಲಿಸಿದ ಪುಣ್ಯ. ನನ್ನ ತಮ್ಮನೇ ಆದರೂ ಹೇಳುತ್ತೇನೆ, ಪುಣ್ಯ ತಗೊಂಡು ಯಾವ ಅಂಗಡಿಯವನೂ ಅಕ್ಕಿ ಅಳೆದು ಕೊಡುವುದಿಲ್ಲ.

ಕಾಯುವುದು ಅಂದರೇನು ಅಂತ ನನಗೂ ಗೊತ್ತು. 1984ರಲ್ಲಿ ಟಿಸಿಎಚ್, ಅಂದರೆ ಶಿಕ್ಷಕರ ತರಬೇತಿ, ಮುಗಿಸಿದೆ. ಕೆಲಸದ ಆರ್ಡರ್ ಕೈಗೆ ಬಂದದ್ದು 1996ರಲ್ಲಿ. ನಡುವೆ ಹನ್ನೆರಡು ವರ್ಷ. ಅದರಲ್ಲಿ ನಾಲ್ಕು ವರ್ಷ ಪೇಟೆಯ ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡಿದೆ. ತಿಂಗಳ ಕೊನೆಗೆ ರಿಜಿಸ್ಟರಿನಲ್ಲಿ 700 ರೂಪಾಯಿಗೆ ಸಹಿ, ಕೈಗೆ 350. ಎಲ್ಲರೂ ಹಾಗೇ ಸಹಿ ಹಾಕುತ್ತಿದ್ದೆವು. ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ನಮ್ಮ ಮಲೆನಾಡಿನವರೇ ಆದ ಗೋವಿಂದೇಗೌಡರು ಶಿಕ್ಷಣ ಮಂತ್ರಿ ಆದರು. ಶೃಂಗೇರಿ ಕ್ಷೇತ್ರದ ಶಾಸಕರು. ಆ ಕಾಲದಲ್ಲಿ ಲಕ್ಷದ ಹತ್ತಿರ ಶಿಕ್ಷಕರ ನೇಮಕ ಆಯಿತು, ಅದೂ ಅಂಕ ನೋಡಿ, ಲಂಚ ಇಲ್ಲದೆ. ಬೇಕಾದರೆ ನನ್ನ ವಯಸ್ಸಿನ ಯಾವ ಮೇಷ್ಟ್ರನ್ನಾದರೂ ಕೇಳಿ ನೋಡು, ಒಂದು ಕಾಫಿಯನ್ನೂ ಯಾರಿಗೂ ಕೊಡಿಸದೆ ಕೆಲಸಕ್ಕೆ ಸೇರಿದೆ ಅನ್ನುತ್ತಾರೆ. ನಾನೂ ಹಾಗೇ ಸೇರಿದವಳು. ಅಂಥದ್ದೊಂದು ನೇಮಕ ನನ್ನ ಪಾಲಿಗೆ ಬಂತು. ನಿನ್ನ ಪಾಲಿಗೆ ಇನ್ನೂ ಬಂದಿಲ್ಲ. ನಮ್ಮಿಬ್ಬರಿಗೂ ಇರುವ ವ್ಯತ್ಯಾಸ ಅಷ್ಟೇ. ನಾನೇನೂ ನಿನಗಿಂತ ಜಾಣೆ ಅಲ್ಲ.

ನನ್ನ ಮೊದಲ ಶಾಲೆಯೂ ಶರಾವತಿ ಹೊಳೆ ಆಚೆಯೇ, ನಿನಗೆ ಗೊತ್ತಲ್ಲ. ಆಗ ಲಾಂಚು. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ನೀರು ನಿಂತ ಮೇಲೆ ಆ ಕಡೆಯವರಿಗೆ ಬೇರೆ ದಾರಿ ಎಲ್ಲಿತ್ತು? ಕೊನೆಯ ಲಾಂಚು ತಪ್ಪಿದರೆ ಆ ದಿನ ಮನೆ ಇಲ್ಲ. ಅದಕ್ಕೇ ನಾವು ಅಲ್ಲೇ ಯಾರದ್ದೋ ಮನೆಯ ಜಗುಲಿ ಪಕ್ಕದ ಕೋಣೆಯಲ್ಲಿ ಉಳಿದೆವು. ಹೋದ ಜುಲೈಯಲ್ಲಿ ಸಿಗಂದೂರು ಸೇತುವೆ ಆಯಿತು, ಎರಡೂವರೆ ಕಿಲೋಮೀಟರಿಗೆ ಸ್ವಲ್ಪ ಕಮ್ಮಿ ಉದ್ದ. ಜನ ಅದರ ಮೇಲೆ ನಿಂತು ಫೋಟೋ ತೆಗೆದುಕೊಂಡದ್ದೇ ತೆಗೆದುಕೊಂಡದ್ದು. ಸೇತುವೆ ಆದರೆ ಮೇಷ್ಟ್ರು ಬರ್ತಾರೆ ಅಂತ ನಿಮ್ಮೂರಿನವರು ಕಾದರು. ಎಲ್ಲಿ ಬಂದರು? ಕಾಯಂ ಹುದ್ದೆ ಖಾಲಿ ಬಿದ್ದೇ ಇದೆ, ನೀನು ಅತಿಥಿ ಆಗಿಯೇ ಇದ್ದೀಯ. ಹತ್ತು ತಿಂಗಳ ಅತಿಥಿ! ಜೂನ್‌ನಲ್ಲಿ ಕರೆಯುತ್ತಾರೆ, ಮಾರ್ಚಿಗೆ ಕಳಿಸುತ್ತಾರೆ. ನಮ್ಮ ಕಡೆ ಅತಿಥಿ ಅಂದರೆ ಕಾಲಿಗೆ ನೀರು, ಬೆಲ್ಲ, ಎಲೆ-ಅಡಿಕೆ ಕೊಟ್ಟು ಕೂರಿಸುವ ಪದ್ಧತಿ. ಈ ಹೆಸರು ಇಟ್ಟವರು ಯಾರೋ, ಒಮ್ಮೆ ಸಿಗಬೇಕು ನನಗೆ.

ಲೆಕ್ಕ ಮಾಡೋಣ ಬಾ. 2025ರ ಬಜೆಟ್‌ನಲ್ಲಿ 2,000 ಏರಿಸಿದ ಮೇಲೆ ನಿನ್ನ ಗೌರವಧನ 12,000. ಅದಕ್ಕೂ ಮೊದಲು 10,000 ಇತ್ತು. ರಾಜ್ಯ ಸರ್ಕಾರದ ತೀರಾ ಕೆಳಗಿನ ಕಾಯಂ ಹುದ್ದೆಯ ಮೂಲ ವೇತನವೇ 2024ರ ಆಗಸ್ಟ್‌ನಿಂದ 27,000 ಆಗಿದೆ. ಡಿಗ್ರಿ, ಬಿ.ಇಡಿ ಮಾಡಿ ಆರು-ಏಳನೇ ಕ್ಲಾಸಿಗೆ ಗಣಿತ, ವಿಜ್ಞಾನ ಹೇಳುವ ನಿನಗೆ ಅದರ ಅರ್ಧವೂ ಇಲ್ಲ. ನಮ್ಮ ತೋಟದಲ್ಲಿ ಅಡಿಕೆ ಕೊನೆ ತೆಗೆಯಲು ಬಂದವನಿಗೆ ದಿನಕ್ಕೆ ಸಾವಿರದ ಮೇಲೆ ಕೊಟ್ಟೆವು, ಜೊತೆಗೆ ಊಟ, ಕಾಫಿ. ಅವನು ಮರ ಹತ್ತುವ ಅಪಾಯಕ್ಕೆ ಅದು ಜಾಸ್ತಿ ಏನಲ್ಲ ಬಿಡು. ಆದರೆ ಅವನಿಗೆ ಸಂಜೆಯೇ ಕೊಟ್ಟೆವು. ನಿನ್ನದು ನವೆಂಬರ್‌ನಿಂದ ಬಂದಿಲ್ಲ.

ಈಗ ಒಂದು ವಿಷಯ ಹೇಳಬೇಕು. ನಿನ್ನ ಮಾವನಿಗೆ ಬಿಟ್ಟು ಬೇರೆ ಯಾರಿಗೂ ಹೇಳಿಲ್ಲ.

ನಾನು ರಿಟೈರ್ ಆಗುವ ಹಿಂದಿನ ವರ್ಷ ಮುಖ್ಯೋಪಾಧ್ಯಾಯಿನಿ ಆಗಿದ್ದೆ. ನಮ್ಮ ಶಾಲೆಯಲ್ಲಿ ಒಬ್ಬಳು ಹುಡುಗಿ ಅತಿಥಿ ಶಿಕ್ಷಕಿ. ಆಗಸ್ಟ್ ತಿಂಗಳು, ಎರಡು ದಿನದ ಮಳೆ ರಜೆ ಮುಗಿದು ಶಾಲೆ ಬಾಗಿಲು ತೆಗೆದಿದ್ದೆವು. ಅವಳು ಹತ್ತು ನಿಮಿಷ ತಡವಾಗಿ ಬಂದಳು. ಛತ್ರಿಯ ಒಂದು ಕಡ್ಡಿ ಮುರಿದು ಬಟ್ಟೆ ಜೋತು ಬಿದ್ದಿತ್ತು. ಮೊಣಕಾಲಿನವರೆಗೆ ಸೀರೆ ಒದ್ದೆ, ಹಿಮ್ಮಡಿಯಲ್ಲಿ ಕೆಂಪು ಕೆಸರು. ಜಗುಲಿ ತುದಿಗೆ ನಿಂತು ಸೆರಗು ಹಿಂಡುತ್ತಿದ್ದಳು. ಕಾಲಿನಲ್ಲಿ ಒಂದು ಉಂಬಳ (ಜಿಗಣೆ) ಕಚ್ಚಿ ಕೂತಿತ್ತು, ಅವಳಿಗೆ ಗೊತ್ತೇ ಆಗಿರಲಿಲ್ಲ. ಒಂದನೇ ಕ್ಲಾಸಿನ ಹುಡುಗ ಓಡಿ ಹೋಗಿ ಬಿಸಿಯೂಟದ ಕೋಣೆಯಿಂದ ಉಪ್ಪು ತಂದ. "ಬಸ್ಸು ಬರ್ಲಿಲ್ವಾ?" ಅಂದೆ. "ಬಂತು ಅಕ್ಕೋರೆ. ನಾನೇ ಹತ್ಲಿಲ್ಲ" ಅಂದಳು. ಸರ್ಕಾರಿ ಬಸ್ಸಾದರೆ ಹೆಂಗಸರಿಗೆ ಟಿಕೆಟ್ ಇಲ್ಲ, ಸರಿ. ಆ ರೂಟಿನಲ್ಲಿ ಓಡುವುದು ಖಾಸಗಿ ಬಸ್ಸು. ಎರಡೂವರೆ ತಿಂಗಳ ದುಡ್ಡು ಬಂದಿರಲಿಲ್ಲ. ನಾಲ್ಕು ಕಿಲೋಮೀಟರ್ ನಡೆದು ಬಂದಿದ್ದಳು.

ನಾನು ಏನು ಹೇಳಿದೆ ಗೊತ್ತಾ? "ಮಕ್ಕಳ ಮುಖ ನೋಡಿ ಸುಧಾರಿಸ್ಕೊಳಮ್ಮ" ಅಂದೆ. ನನ್ನ ಸಂಬಳ ಆ ತಿಂಗಳೂ ಸರಿಯಾಗಿ ಖಾತೆಗೆ ಬಿದ್ದಿತ್ತು.

ನೂರು ರೂಪಾಯಿ ಕೈಗೆ ಕೊಡಬಹುದಿತ್ತು. ಅದಕ್ಕಿಂತ ಮುಖ್ಯವಾಗಿ, ಅವಳ ದುಡ್ಡು ಎಲ್ಲಿ ನಿಂತಿದೆ ಅಂತ ಆಫೀಸಿಗೆ ಹೋಗಿ ಕೇಳಬಹುದಿತ್ತು. ಕೇಳಲಿಲ್ಲ. ಗಟ್ಟಿಯಾಗಿ ಕೇಳಿದರೆ ಆಫೀಸಿನವರ ಮುಖ ಗಂಟಾಗುತ್ತದೆ, ರಿಟೈರ್ ಆಗುವ ಹೊತ್ತಿಗೆ ಪೆನ್ಷನ್ ಕಾಗದಕ್ಕೆ ಅವರೇ ಬೇಕು, ಅಂತ ಒಳಗೊಳಗೇ ಲೆಕ್ಕ ಹಾಕಿದೆ. ಡಿಸೆಂಬರ್‌ನಲ್ಲಿ ಅವಳು ಬಿಟ್ಟು ಹೋದಳು. ಶಿವಮೊಗ್ಗದ ಯಾವುದೋ ದೊಡ್ಡ ಅಂಗಡಿಯಲ್ಲಿ ಬಿಲ್ ಹಾಕುವ ಕೆಲಸ. ಮಾರ್ಚಿನಲ್ಲಿ ಮಕ್ಕಳ ಗಣಿತದ ನೋಟುಬುಕ್ ತೆಗೆದು ನೋಡಿದರೆ ಡಿಸೆಂಬರ್ ಮೊದಲ ವಾರದವರೆಗೆ ಪುಟ ಪುಟಕ್ಕೂ ಕೆಂಪು ಶಾಯಿಯ ಗುರುತು. ಆಮೇಲೆ ಖಾಲಿ. ನಾನೊಬ್ಬಳೇ ಏಳು ಕ್ಲಾಸಿಗೆ ಓಡಾಡುತ್ತಿದ್ದೆ, ತಿದ್ದುವುದಕ್ಕೆ ಪುರುಸೊತ್ತು ಎಲ್ಲಿ?

ಹಾಗಾಗಿ ನಿನಗೆ "ಮಕ್ಕಳ ಮುಖ ನೋಡು" ಅನ್ನುವ ಬಾಯಿ ನನಗಿಲ್ಲ. ಅನ್ನುವವರಿದ್ದಾರೆ, ಹುಷಾರಾಗಿರು. ಆ ಮಾತು ಹೇಳುವವರ ಸಂಬಳ ಯಾವ ತಾರೀಕಿಗೆ ಬರುತ್ತದೆ ಅಂತ ಮೊದಲು ವಿಚಾರಿಸು.

ನಿನ್ನ ಬಾಕಿ ಕೇಳು. ಬಾಯಲ್ಲಿ ಅಲ್ಲ, ಕಾಗದದಲ್ಲಿ. ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಒ ಅವರಿಗೆ ಅರ್ಜಿ ಬರಿ, ನಿಮ್ಮ ಹೆಡ್‌ಮಾಸ್ಟರ ಮೂಲಕ ಅಂತ ಹಾಕು. ಟಪಾಲಿಗೆ ಕೊಟ್ಟು ನಕಲಿನ ಮೇಲೆ ಸೀಲು, ತಾರೀಕು ಹಾಕಿಸಿಕೊಂಡು ಬಾ. ಸೀಲು ಬಿದ್ದ ಕಾಗದಕ್ಕೆ ಆಫೀಸಿನಲ್ಲಿ ಯಾರಾದರೂ ಒಬ್ಬರು ಉತ್ತರ ಹೇಳಬೇಕಾಗುತ್ತದೆ. ನೀನೊಬ್ಬಳೇ ಬರೆದರೆ ಜಗಳಗಂಟಿ ಅಂತಾರೆ. ಸುತ್ತಲಿನ ಶಾಲೆಗಳ ಕ್ಲಸ್ಟರಿನಲ್ಲಿ ನಿನ್ನ ಹಾಗೆ ಏಳೆಂಟು ಜನ ಇದ್ದೀರಲ್ಲ, ಎಲ್ಲರೂ ಸಹಿ ಹಾಕಿ. ಎಂಟು ಜನರನ್ನು ಜಗಳಗಂಟಿ ಅನ್ನುವುದು ಸುಲಭ ಅಲ್ಲ.

ಕಾನೂನೂ ಗೊತ್ತಿರಲಿ. ಊರಿನವರು ನಿನ್ನ ಹತ್ತಿರ "ಇಪ್ಪತ್ತಾರು ಮಕ್ಕಳಿಗೆ ಎಷ್ಟು ಮೇಷ್ಟ್ರು ಬೇಕು" ಅಂತ ಕೇಳಿದರಂತಲ್ಲ. 2010ರ ಏಪ್ರಿಲ್‌ನಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಒಂದರಿಂದ ಐದಕ್ಕೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಲೇಬೇಕು. ಅದರ ಮೇಲಿನ ಕ್ಲಾಸಿಗೆ ಗಣಿತ-ವಿಜ್ಞಾನ, ಸಮಾಜ, ಭಾಷೆ, ಮೂರಕ್ಕೂ ಒಬ್ಬೊಬ್ಬರು. ಖಾಲಿ ಹುದ್ದೆ ನೂರಕ್ಕೆ ಹತ್ತು ದಾಟಬಾರದು ಅಂತಲೂ ಅದರಲ್ಲೇ ಬರೆದಿದೆ. ಮಲೆನಾಡಿನಲ್ಲಿ ಮನೆಗಳು ಗುಡ್ಡಕ್ಕೊಂದು, ಕಣಿವೆಗೊಂದು. ಇಲ್ಲಿ ಶಾಲೆ ಚಿಕ್ಕದಾಗಿಯೇ ಇರುತ್ತದೆ. ಅದು ಮಕ್ಕಳ ತಪ್ಪಾ? ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಇದನ್ನು ನೀನು ಹೇಳಬೇಡ, ಯಾರಾದರೂ ತಾಯಂದಿರ ಬಾಯಲ್ಲಿ ಹೇಳಿಸು. ಮಕ್ಕಳ ಹೆತ್ತವರು ಕೇಳಿದರೆ ತೂಕ ಬೇರೆ.

ನಿಮ್ಮ ಹೆಡ್‌ಮಾಸ್ಟರ ಮೇಲೆ ನಿನಗೆ ಸಿಟ್ಟಿದೆ, ವಾರದಲ್ಲಿ ಎರಡು ದಿನ ಶಾಲೆಯಲ್ಲೇ ಇರುವುದಿಲ್ಲ ಅಂತ. ಅವರ ಪರ ಒಂದೇ ಮಾತು ಹೇಳುತ್ತೇನೆ. ಮತದಾರರ ಪಟ್ಟಿ ಅವರ ತಲೆ ಮೇಲೆ, ಮೊಟ್ಟೆ-ಹಾಲಿನ ಲೆಕ್ಕ ಅವರ ತಲೆ ಮೇಲೆ. ದಸರಾ ಸಮಯದಲ್ಲಿ ಜಾತಿ ಸಮೀಕ್ಷೆಗೆ ಮನೆ ಮನೆ ಹತ್ತಿ ಇಳಿದರು, ನೆಟ್‌ವರ್ಕ್ ಇಲ್ಲದ ಊರಲ್ಲಿ ಮೊಬೈಲ್ ಆ್ಯಪ್ ಹಿಡಿದುಕೊಂಡು. ಅವರೂ ಒಬ್ಬರೇ. ಸಿಟ್ಟು ಅವರ ಮೇಲೆ ಖರ್ಚು ಮಾಡಬೇಡ, ಅರ್ಜಿಗೆ ಅವರ ಸಹಿ ಬೇಕು ನಿನಗೆ.

ಇನ್ನು ಬಣ್ಣದ ಹಾಳೆ, ಚಾರ್ಟು, ಗೋಂದು ಅಂತ ಸ್ವಂತ ದುಡ್ಡು ಹಾಕುವುದನ್ನು ಇವತ್ತೇ ನಿಲ್ಲಿಸು. ಚಿಕ್ಕ ಮಕ್ಕಳ ನಲಿ-ಕಲಿ ಕಾರ್ಡು ಹರಿದಿದ್ದರೆ ಹರಿದಿದೆ ಅಂತ ಬರೆದು ಕೊಡು. ನೀನು ತೇಪೆ ಹಾಕುತ್ತಾ ಹೋದರೆ ಹರಿದದ್ದು ಯಾರಿಗೂ ಕಾಣುವುದೇ ಇಲ್ಲ.

ಬೆಂಗಳೂರಿನ ವಿಷಯಕ್ಕೆ ಬರುತ್ತೇನೆ. ಅಲ್ಲಿನ ಕೆಲಸಕ್ಕೆ ತಿಂಗಳಿಗೆ 18,000 ಅಂತ ನೀನು ಅಂದೆ. ಪಿಜಿಗೆ ಏಳೆಂಟು ಸಾವಿರ, ಓಡಾಟ, ತಿಂಡಿ, ತಿಂಗಳಿಗೊಮ್ಮೆ ಊರಿಗೆ ಬಂದು ಹೋಗುವುದು. ಉಳಿಯುವುದು ಇಲ್ಲಿಯಷ್ಟೇ. ಆದರೆ ಅಲ್ಲಿ ಏಪ್ರಿಲ್, ಮೇ ತಿಂಗಳಲ್ಲೂ ಸಂಬಳ ಇದೆ, ಅದನ್ನು ಸುಳ್ಳು ಅನ್ನಲಾರೆ. ಹೋಗಬೇಡ ಅಂತ ನಾನು ಹೇಳುವುದಿಲ್ಲ. ಈಗಲೇ ಬೇಡ ಅನ್ನುತ್ತೇನೆ, ಅದಕ್ಕೆ ಕಾರಣ ಟಿಇಟಿ, ಅದೇ ಶಿಕ್ಷಕರ ಅರ್ಹತಾ ಪರೀಕ್ಷೆ.

ಹೋದ ಸಲ ನಿನಗೆ 86 ಬಂತು. 150ಕ್ಕೆ 90 ಬೇಕು. ನಾಲ್ಕು ಅಂಕ ಪುಟ್ಟಿ! ಒಮ್ಮೆ ಪಾಸಾದರೆ ಈಗ ಜೀವಮಾನ ಪೂರ್ತಿ ನಡೆಯುತ್ತದೆ, ಮೊದಲಿನ ಹಾಗೆ ಏಳು ವರ್ಷಕ್ಕೆ ಮುಗಿಯುವುದಿಲ್ಲ. ಹೋದ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ, ಐದು ವರ್ಷಕ್ಕಿಂತ ಜಾಸ್ತಿ ಸರ್ವಿಸ್ ಉಳಿದಿರುವ ಹಳಬರೂ ಟಿಇಟಿ ಬರೆಯಬೇಕಾಗಿದೆ. ನಿಮ್ಮ ಹೆಡ್‌ಮಾಸ್ಟರೂ ಪುಸ್ತಕ ಹಿಡಿದಿದ್ದಾರೆ ಅಂತ ನಗುತ್ತಿದ್ದೆಯಲ್ಲ, ನಗಬೇಡ, ಅವರ ಜೊತೆ ಕೂತು ಓದು. ಗಣಿತದಲ್ಲಿ ನೀನು ಗಟ್ಟಿ, ಮನೋವಿಜ್ಞಾನದಲ್ಲಿ ಅವರು. ಬೆಂಗಳೂರಿಗೆ ಹೋದ ಮೇಲೆ ಓದುತ್ತೇನೆ ಅಂತ ಹೇಳಿದವರಲ್ಲಿ ಓದಿದವರನ್ನು ನಾನಂತೂ ನೋಡಿಲ್ಲ.

ನೇಮಕ ಆಗುತ್ತದೆ ಅಂತ ಭರವಸೆ ಕೊಡಲಾರೆ. 2022ರಲ್ಲಿ 15,000 ಪದವೀಧರ ಶಿಕ್ಷಕರಿಗೆ ಕರೆದರು. ಅಷ್ಟೂ ತುಂಬಲಿಲ್ಲ, ಆಯ್ಕೆ ಆದವರೂ ಕೋರ್ಟಿನ ಬಾಗಿಲು ಕಾಯಬೇಕಾಯಿತು. ಮದುವೆಯಾದ ಹೆಣ್ಣುಮಕ್ಕಳ ಜಾತಿ-ಆದಾಯ ಪತ್ರ ಅಪ್ಪನ ಹೆಸರಿನಲ್ಲಿರಬೇಕಾ, ಗಂಡನ ಹೆಸರಿನಲ್ಲಾ ಅನ್ನುವುದೇ ಜಗಳ. ನಿಮ್ಮಪ್ಪ ಈ ವರ್ಷ ಗಂಡು ನೋಡುತ್ತಿದ್ದಾನಂತೆ. ಏನೇ ಆಗಲಿ, ಅರ್ಜಿ ಹಾಕುವ ದಿನ ಯಾರ ಹೆಸರಿನ ಪತ್ರ ಕೇಳಿದ್ದಾರೆ ಅಂತ ಅಧಿಸೂಚನೆಯನ್ನು ಸಾಲು ಸಾಲು ಓದು.

ಹಾಗಾಗಿ ಒಂದು ಗಡುವು ಹಾಕಿಕೋ. ಈ ಮಾರ್ಚಿನವರೆಗೆ ಇರು, ಏಳನೇ ಕ್ಲಾಸಿನವರ ಪಾಠ ಮುಗಿಸಿಕೊಡು. ಮುಂದಿನ ವರ್ಷವೂ ಕರೆದರೆ ಹೋಗು, ಆದರೆ 2027ರ ಜೂನ್ ಹೊತ್ತಿಗೆ ಟಿಇಟಿ ಆಗಲಿಲ್ಲ, ಅಥವಾ ಆಗಿಯೂ ನೇಮಕದ ಸುದ್ದಿ ಇಲ್ಲ ಅಂದರೆ ಹೊರಡು. ಆವತ್ತು ನಿನ್ನನ್ನು ಬಸ್ಸು ಹತ್ತಿಸಲು ನಾನೇ ಬರುತ್ತೇನೆ, ನಿಮ್ಮಪ್ಪನ ಬಾಯಿ ಮುಚ್ಚಿಸುವುದೂ ನನ್ನ ಕೆಲಸ. ಹನ್ನೆರಡು ವರ್ಷ ಕಾದವಳು ನಾನು. ಆ ವರ್ಷಗಳ ಬಗ್ಗೆ ಜನ ನನ್ನನ್ನು ಹೊಗಳುತ್ತಾರೆ. ನನಗೆ ನೆನಪಾಗುವುದು ಆ 700ರ ಸಹಿ.

ಈ ಭಾನುವಾರ ಬಾ. ಬರುವಾಗ ಮೂರು ವರ್ಷದ ನೇಮಕದ ಆದೇಶದ ನಕಲು, ಹಾಜರಾತಿಯ ಜೆರಾಕ್ಸು, ಬ್ಯಾಂಕ್ ಪಾಸ್‌ಬುಕ್ಕು ತಗೊಂಡು ಬಾ. ಅನುಭವ ಪತ್ರ ಇನ್ನೂ ತಗೊಂಡಿಲ್ಲ ಅಂದರೆ ಶನಿವಾರವೇ ಹೆಡ್‌ಮಾಸ್ಟರ ಹತ್ತಿರ ಬರೆಸಿಕೋ. ಅತಿಥಿ ಶಿಕ್ಷಕರಿಗೆ ಕೃಪಾಂಕ ಕೊಡಿ ಅನ್ನುವ ಕೂಗು ಇದೆ, ಕೊಟ್ಟ ದಿನ ಮೊದಲು ಕೇಳುವುದು ಅದನ್ನೇ. ಅರ್ಜಿ ಇಲ್ಲೇ ಕೂತು ಬರೆಯೋಣ. ನನ್ನ ಕೈಬರಹ ಇನ್ನೂ ಚೆನ್ನಾಗಿದೆ. ಸೋಮವಾರ ಟಪಾಲು ಕೊಡುವುದಕ್ಕೆ ನಾನೂ ಜೊತೆಗೆ ಬರುತ್ತೇನೆ. ಆ ಆಫೀಸಿನವರಿಗೆಲ್ಲ ನನ್ನ ಗುರುತಿದೆ, ಈಗ ನನಗೆ ಅವರಿಂದ ಆಗಬೇಕಾದ್ದು ಏನೂ ಇಲ್ಲ.

ಕಾಗದದ ಜೊತೆ ಒಂದು ಬಾಟಲಿ ಅಪ್ಪೆಮಿಡಿ ಇಟ್ಟಿದ್ದೇನೆ. ಕಂಡಕ್ಟರ್ ಹತ್ತಿರ ಕೇಳಿ ಇಸ್ಕೋ, ಬಾಟಲಿ ವಾಪಸ್ ತಾ.

ನಿನ್ನ ಅತ್ತೆ